ಗೆಳೆಯ ದೊಡ್ಡವನೋ, ದೇಶ ದೊಡ್ಡದೋ: ಸಿಸೆರೊಗೆ ಮಾಟಿಯಸ್ ಬರೆದ ಉತ್ತರ

(ಓದುಗರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಒಂದು ಪುಸ್ತಕ ಮತ್ತು ಒಂದು ಪತ್ರದ ಬಗ್ಗೆ ಮಾತಾಡುತ್ತೇನೆ. ಎರಡೂ ಪ್ರಾಚೀನ ರೋಮ್‌ನವು. ಎರಡೂ ಕ್ರಿ.ಪೂ. 44ರಲ್ಲಿ ಬರೆದವು. ಪುಸ್ತಕ ಬರೆದವನು ಸಿಸೆರೊ. ಪತ್ರ ಬಂದದ್ದೂ ಅವನಿಗೇ. ಗೆಳೆತನ ಅಂದರೆ ಏನು, ಒಳ್ಳೆಯವನಾಗಿ ಬಾಳುವುದಕ್ಕೂ ಅದಕ್ಕೂ ಏನು ನಂಟು ಅಂತ ಪುಸ್ತಕ ಹೇಳುತ್ತದೆ. ಪತ್ರ ಬರೆದವನು ಮಾಟಿಯಸ್, ಅವನು ತತ್ವಜ್ಞಾನಿ ಅಲ್ಲ. ಅವನಿಗೆ ಒಬ್ಬ ಗೆಳೆಯನಿದ್ದ. ಆ ಗೆಳೆಯನನ್ನು ಕೊಂದುಹಾಕಿದ್ದರು. ಅವನಿಗಾಗಿ ಅಳುವುದೂ ತಪ್ಪು ಅಂತ ಊರಿನ ದೊಡ್ಡವರೆಲ್ಲ ಹೇಳುತ್ತಿದ್ದರು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪುಸ್ತಕದಲ್ಲಿರುವ ನಿಯಮ ಸರಿ. ಆದರೆ ಗೆಳೆತನದ ಬಗ್ಗೆ ನಮಗೆ ಜಾಸ್ತಿ ಕಲಿಸುವುದು ಆ ಪತ್ರ.

ಸಿಸೆರೊಗೆ ಆಗ 62 ವರ್ಷ. ರೋಮ್‌ನ ಅತಿ ದೊಡ್ಡ ಮಾತುಗಾರ, ವಕೀಲ. ಅರ್ಪಿನಮ್ ಎಂಬ ಸಣ್ಣ ಊರಿನವನು. ಹೆಸರಾಂತ ಮನೆತನದ ಬೆಂಬಲವಿಲ್ಲದೆ ಕ್ರಿ.ಪೂ. 63ರಲ್ಲಿ ಕಾನ್ಸಲ್ ಆಗಿದ್ದ. ಅದು ರೋಮ್ ಗಣರಾಜ್ಯದಲ್ಲಿ ವರ್ಷಕ್ಕೆ ಇಬ್ಬರಿಗೆ ಮಾತ್ರ ಸಿಗುತ್ತಿದ್ದ ಪದವಿ. ಆದರೆ ಜೂಲಿಯಸ್ ಸೀಸರ್ ಅಂತರ್ಯುದ್ಧ ಗೆದ್ದ ಮೇಲೆ ಸಿಸೆರೊನಂಥವರಿಗೆ ರಾಜಕೀಯದಲ್ಲಿ ಕೆಲಸವೇ ಉಳಿಯಲಿಲ್ಲ. ಅದರ ಮೇಲೆ ಕ್ರಿ.ಪೂ. 45ರ ಫೆಬ್ರವರಿಯಲ್ಲಿ ಮಗಳು ಟುಲಿಯಾ ತೀರಿಕೊಂಡಳು. ಅವಳೆಂದರೆ ಅವನಿಗೆ ಪ್ರಾಣ.

ಆಗ ಅವನು ಆಸ್ಟುರಾ ಎಂಬ ಕಡೆ ಕಡಲ ಪಕ್ಕದ ಮನೆಯಲ್ಲಿ ಹೋಗಿ ಕುಳಿತ. ಅಲ್ಲಿಂದ ಗೆಳೆಯ ಅಟಿಕಸ್‌ಗೆ ದಿನವೂ ಅನ್ನುವಷ್ಟು ಪತ್ರ ಬರೆದ. ಒಂದರಲ್ಲಿ ಹೇಳುತ್ತಾನೆ: ಇಲ್ಲಿ ಯಾರೊಂದಿಗೂ ಮಾತಿಲ್ಲ, ಬೆಳಿಗ್ಗೆ ಮುಳ್ಳುಗಿಡಗಳ ದಟ್ಟ ಕಾಡಿಗೆ ಹೊಕ್ಕರೆ ಸಂಜೆಯವರೆಗೆ ಹೊರಗೆ ಬರುವುದಿಲ್ಲ, ನಿನ್ನನ್ನು ಬಿಟ್ಟರೆ ನನಗೆ ಈಗ ಏಕಾಂತವೇ ಆಪ್ತ. ಗೆಳೆತನದ ಬಗ್ಗೆ ಪುಸ್ತಕ ಬರೆದವನು ಇಂಥ ಸ್ಥಿತಿಯಲ್ಲಿ ಒಬ್ಬ ಗೆಳೆಯನ ಕೈ ಹಿಡಿದೇ ಎದ್ದು ನಿಂತವನು. ಅವನ ಮಾತುಗಳನ್ನು ಓದುವಾಗ ಇದು ನೆನಪಿರಲಿ.

ಅಟಿಕಸ್ ಯಾರು ಅಂತಲೂ ಹೇಳಬೇಕು. ಅವನ ಹೆಸರು ಟೈಟಸ್ ಪಾಂಪೋನಿಯಸ್. ಸುಮಾರು ಇಪ್ಪತ್ತು ವರ್ಷ ಅಥೆನ್ಸ್‌ನಲ್ಲೇ ಇದ್ದದ್ದರಿಂದ ಅಟಿಕಸ್ ಅನ್ನುವ ಹೆಸರು ಬಂತು. ದೊಡ್ಡ ಹಣವಂತ. ಬೇಕೆಂದೇ ಯಾವ ಅಧಿಕಾರಕ್ಕೂ ನಿಲ್ಲಲಿಲ್ಲ. ಅವನ ತಂಗಿ ಪಾಂಪೋನಿಯಾಳನ್ನು ಸಿಸೆರೊನ ತಮ್ಮ ಕ್ವಿಂಟಸ್ ಮದುವೆಯಾಗಿದ್ದ. ಆ ಮದುವೆಯಲ್ಲಿ ಜಗಳ ತಪ್ಪಲಿಲ್ಲ, ಕೊನೆಗೆ ಮುರಿದೂ ಬಿತ್ತು. ಆದರೂ ಈ ಇಬ್ಬರ ಗೆಳೆತನಕ್ಕೆ ಏನೂ ಆಗಲಿಲ್ಲ. ಬೀಗತನ ಕೆಟ್ಟರೆ ಎಷ್ಟು ಸಂಬಂಧ ಹಾಳಾಗುತ್ತದೆ ಅಂತ ನಮಗೆಲ್ಲ ಗೊತ್ತಲ್ವಾ?

ಕ್ರಿ.ಪೂ. 58ರಲ್ಲಿ ಸಿಸೆರೊನನ್ನು ದೇಶದಿಂದ ಹೊರಹಾಕಿದಾಗ ಅಟಿಕಸ್ ಅವನಿಗೆ ಎರಡೂವರೆ ಲಕ್ಷ ಸೆಸ್ಟರ್ಸ್ ಹಣ ಕೊಟ್ಟ. ಸಿಸೆರೊ ಸಾಯುವ ಯೋಚನೆಯಲ್ಲಿದ್ದ. ನೀನು ಬದುಕು ಬದುಕು ಅಂತ ಬರೆದೆ, ಅದಕ್ಕೇ ನನ್ನ ಕೈಯನ್ನು ತಡೆದುಕೊಂಡಿದ್ದೇನೆ ಅಂತ ಅವನೇ ಅಟಿಕಸ್‌ಗೆ ಬರೆದಿದ್ದಾನೆ. ಸಿಸೆರೊ ಅಟಿಕಸ್‌ಗೆ ಬರೆದ ಪತ್ರಗಳು 16 ಸಂಪುಟಗಳಲ್ಲಿ ಉಳಿದಿವೆ. ಕವಿ ಪೆಟ್ರಾರ್ಕ್ 1345ರಲ್ಲಿ ವೆರೋನಾದಲ್ಲಿ ಅವುಗಳ ಹಳೆಯ ಪ್ರತಿ ಹುಡುಕಿ ತೆಗೆದ. ಅಟಿಕಸ್ ಬರೆದ ಉತ್ತರಗಳು ಉಳಿದಿಲ್ಲ. ಈ ಪತ್ರಗಳಲ್ಲಿ ಅವನನ್ನು ನಾವು ಪೂರ್ತಿ ಇನ್ನೊಬ್ಬನ ಪ್ರೀತಿಯ ಮೂಲಕವೇ ನೋಡುತ್ತೇವೆ.

ಈಗ ಪುಸ್ತಕಕ್ಕೆ ಬರೋಣ. ಗೆಳೆತನದ ಕುರಿತ ಆ ಚಿಕ್ಕ ಪುಸ್ತಕವನ್ನು ಸಿಸೆರೊ ಅಟಿಕಸ್‌ಗೇ ಅರ್ಪಿಸಿದ. ಅದಕ್ಕೂ ಮೊದಲು ಮುಪ್ಪಿನ ಬಗ್ಗೆ ಒಂದು ಪುಸ್ತಕ ಬರೆದು ಅದನ್ನೂ ಅವನಿಗೇ ಕೊಟ್ಟಿದ್ದ. ಆಗ ಮುದುಕನೊಬ್ಬ ಮುದುಕನಿಗೆ ಮುಪ್ಪಿನ ಬಗ್ಗೆ ಬರೆದೆ, ಈಗ ಗೆಳೆಯನೊಬ್ಬ ಗೆಳೆಯನಿಗೆ ಗೆಳೆತನದ ಬಗ್ಗೆ ಬರೆಯುತ್ತಿದ್ದೇನೆ ಅಂತ ಶುರುವಿನಲ್ಲೇ ಹೇಳುತ್ತಾನೆ.

ಪುಸ್ತಕದಲ್ಲಿ ಮಾತಾಡುವವನು ಸಿಸೆರೊ ಅಲ್ಲ, ಲೇಲಿಯಸ್. ಕಾಲ ಕ್ರಿ.ಪೂ. 129. ಕಾರ್ತೇಜ್ ನಗರವನ್ನು ನೆಲಸಮ ಮಾಡಿದ ಸೇನಾಪತಿ ಸಿಪಿಯೊ ತೀರಿಕೊಂಡು ಕೆಲವೇ ದಿನ ಆಗಿದೆ. ಲೇಲಿಯಸ್ ಅವನ ಜೀವದ ಗೆಳೆಯ. ಇಬ್ಬರು ಅಳಿಯಂದಿರು ಮನೆಗೆ ಬಂದಿದ್ದಾರೆ, ಫಾನಿಯಸ್ ಮತ್ತು ಸ್ಕೀವೊಲಾ. ಮಾವನವರು ಈ ದುಃಖವನ್ನು ಹೇಗೆ ತಾಳಿಕೊಂಡಿದ್ದಾರೆ ಅಂತ ಜನ ಕೇಳುತ್ತಿದ್ದಾರೆ, ಹೇಳಿ ಅನ್ನುತ್ತಾರೆ. ಅಲ್ಲಿಂದ ಮಾತು ಬೆಳೆಯುತ್ತದೆ. ಸಿಸೆರೊ ಹುಡುಗನಾಗಿದ್ದಾಗ ಅವನ ತಂದೆ ಕಾನೂನು ಕಲಿಯಲು ಇದೇ ಸ್ಕೀವೊಲಾ ಹತ್ತಿರ ಬಿಟ್ಟಿದ್ದ. ಲೇಲಿಯಸ್‌ನ ಮಾತುಗಳನ್ನು ಸ್ಕೀವೊಲಾ ಬಾಯಿಂದಲೇ ಕೇಳಿದೆ ಅನ್ನುತ್ತಾನೆ ಸಿಸೆರೊ. ಗೆಳೆಯ ಸತ್ತ ಮನೆಯಲ್ಲಿ ಕುಳಿತು ಗೆಳೆತನದ ಮಾತಾಡಿಸಿದ್ದು ಈ ಪುಸ್ತಕದ ದೊಡ್ಡ ಶಕ್ತಿ ಅಂತ ನನಗನ್ನಿಸುತ್ತದೆ.

ಲೇಲಿಯಸ್ ಮೊದಲೇ ಒಂದು ಗೆರೆ ಎಳೆಯುತ್ತಾನೆ. ಒಳ್ಳೆಯವರ ನಡುವೆ ಮಾತ್ರ ಗೆಳೆತನ ಸಾಧ್ಯ. ಕೇಳಿದ ತಕ್ಷಣ, ಹಾಗಾದರೆ ನಮ್ಮಂಥವರ ಗತಿ ಏನು ಅನ್ನಿಸುತ್ತದೆ. ಆದರೆ ಲೇಲಿಯಸ್ ತಕ್ಷಣ ಇನ್ನೊಂದು ಮಾತು ಸೇರಿಸುತ್ತಾನೆ. ಆ ಕಾಲದ ಸ್ಟೋಯಿಕ್ ತತ್ವಜ್ಞಾನಿಗಳು, ಪೂರ್ಣ ಜ್ಞಾನಿ ಮಾತ್ರ ಒಳ್ಳೆಯವನು ಅನ್ನುತ್ತಿದ್ದರು. ಅಂಥವನನ್ನು ಇವತ್ತಿನವರೆಗೆ ಯಾರೂ ಕಂಡಿಲ್ಲ, ದಿನದ ಬದುಕಿನಲ್ಲಿ ಸಿಗುವ ಒಳ್ಳೆಯವರ ಬಗ್ಗೆ ಮಾತ್ರ ನಾನು ಹೇಳುತ್ತಿದ್ದೇನೆ ಅನ್ನುತ್ತಾನೆ. ಮಾತಿಗೆ ತಪ್ಪದವರು, ದುರಾಸೆ ಇಲ್ಲದವರು, ನ್ಯಾಯ ನೋಡಿ ನಡೆಯುವವರು. ಅಷ್ಟು ಸಾಕು.

ಗೆಳೆತನ ಲಾಭಕ್ಕಾಗಿ ಹುಟ್ಟುತ್ತದೆ ಅನ್ನುವವರನ್ನು ಅವನು ಒಪ್ಪುವುದಿಲ್ಲ. ಲಾಭ ಬರಬಹುದು, ಆದರೆ ಗೆಳೆತನದ ಹಿಂದೆ ಬರುತ್ತದೆ. ಲಾಭ ಮುಂದೆ ಹೋಗಿ ಗೆಳೆತನ ಅದರ ಹಿಂದೆ ಬರುವುದಲ್ಲ. ಅದಕ್ಕೆ ಅವನು ಕೊಡುವ ಒಂದು ಉದಾಹರಣೆ ನನಗೆ ತುಂಬಾ ಇಷ್ಟ. ಟರೆಂಟಮ್‌ನ ಆರ್ಕಿಟಸ್ ಎಂಬ ಗ್ರೀಕ್ ಜ್ಞಾನಿ ಹೇಳುತ್ತಿದ್ದನಂತೆ: ಒಬ್ಬನೇ ಆಕಾಶಕ್ಕೆ ಏರಿ ಹೋಗಿ, ಇಡೀ ಜಗತ್ತಿನ ರಚನೆಯನ್ನೂ ನಕ್ಷತ್ರಗಳ ಚೆಲುವನ್ನೂ ಕಂಡರೂ ಅದು ರುಚಿಸುವುದಿಲ್ಲ. ಹೇಳಿಕೊಳ್ಳಲು ಒಬ್ಬ ಇದ್ದರೆ ಅದೇ ನೋಟ ಅತಿ ಸಿಹಿಯಾಗುತ್ತದೆ. ಇಲ್ಲಿ ಲಾಭದ ಲೆಕ್ಕ ಎಲ್ಲಿದೆ?

ಗೆಳೆತನ ಹಳತಾಗಬೇಕು ಅನ್ನುವುದನ್ನೂ ಲೇಲಿಯಸ್ ಹೇಳುತ್ತಾನೆ. ಅದಕ್ಕೆ ರೋಮನ್ನರ ಒಂದು ಗಾದೆ ಇತ್ತು. ಇಬ್ಬರೂ ಒಟ್ಟಿಗೆ ಕೊಳಗಗಟ್ಟಲೆ ಉಪ್ಪು ತಿಂದ ಮೇಲೆ ಗೆಳೆತನ ಪೂರ್ತಿಯಾಗುತ್ತದಂತೆ. ಕೊಳಗ ಉಪ್ಪು ಮುಗಿಯಬೇಕಾದರೆ ಎಷ್ಟು ಊಟ ಆಗಬೇಕು, ಯೋಚಿಸಿ. ಸಿಸೆರೊ ಇದನ್ನು ಬರೆದು ಸುಮಾರು ನೂರು ವರ್ಷ ಕಳೆದ ಮೇಲೆ ರೋಮ್‌ನ ತತ್ವಜ್ಞಾನಿ ಸೆನೆಕಾ ತನ್ನ ಗೆಳೆಯ ಲುಸಿಲಿಯಸ್‌ಗೆ ಬರೆದ ಪತ್ರದಲ್ಲೂ ಇದೇ ಧಾಟಿ ಇದೆ. ಒಬ್ಬನನ್ನು ಗೆಳೆಯ ಅಂತ ಒಪ್ಪುವ ಮೊದಲು ಬಹಳ ದಿನ ಯೋಚಿಸು, ಒಪ್ಪಿದ ಮೇಲೆ ಪೂರ್ತಿ ಎದೆ ತೆರೆದು ಒಳಗೆ ಕರೆದುಕೋ, ನಿನ್ನ ಜೊತೆ ನೀನು ಮಾತಾಡಿಕೊಳ್ಳುವಷ್ಟೇ ಧೈರ್ಯವಾಗಿ ಅವನ ಜೊತೆ ಮಾತಾಡು ಅನ್ನುತ್ತಾನೆ. ಸಂಬಂಧ ಸರಿಹೋಗದೆ ಬಿಡಲೇಬೇಕಾಗಿ ಬಂದರೆ? ಲೇಲಿಯಸ್ ಇಲ್ಲಿ ರೋಮ್‌ನ ಹಳೆಯ ರಾಜಕಾರಣಿ ಹಿರಿಯ ಕೇಟೊನ ಮಾತು ನೆನೆಯುತ್ತಾನೆ. ಹೊಲಿಗೆ ಬಿಚ್ಚಬೇಕು, ಬಟ್ಟೆ ಹರಿಯಬಾರದು.

ಇಷ್ಟರವರೆಗೆ ಎಲ್ಲರೂ ತಲೆದೂಗುತ್ತಾರೆ. ಮುಂದಿನದು ಕಷ್ಟ.

ಗೆಳೆತನಕ್ಕೆ ಒಂದು ಕಾನೂನು ಇರಲಿ ಅನ್ನುತ್ತಾನೆ ಲೇಲಿಯಸ್: ನಾಚಿಕೆಗೇಡಿನ ಕೆಲಸವನ್ನು ಗೆಳೆಯನ ಹತ್ತಿರ ಕೇಳಬಾರದು, ಅವನು ಕೇಳಿದರೆ ಮಾಡಲೂಬಾರದು. ಅದಕ್ಕೆ ತಾನೇ ಕಂಡ ಒಂದು ಘಟನೆ ಹೇಳುತ್ತಾನೆ. ಕ್ರಿ.ಪೂ. 133ರಲ್ಲಿ ಟೈಬೀರಿಯಸ್ ಗ್ರಾಕಸ್ ಬಡವರಿಗೆ ಸರ್ಕಾರಿ ಭೂಮಿ ಹಂಚುವ ಕಾನೂನು ತಂದ. ಅದೇ ವರ್ಷ ಸೆನೆಟರ್‌ಗಳ ಗುಂಪು ಅವನನ್ನು ಹೊಡೆದು ಕೊಂದಿತು. ಆಮೇಲೆ ಅವನ ಕಡೆಯವರ ವಿಚಾರಣೆ ನಡೆಯಿತು. ವಿಚಾರಣೆ ಮಾಡುತ್ತಿದ್ದ ಕಾನ್ಸಲ್‌ಗಳ ಜೊತೆ ಲೇಲಿಯಸ್ ಇದ್ದ. ಕ್ಯೂಮೆಯ ಬ್ಲೋಸಿಯಸ್ ಎಂಬವನು ಬಂದು ಕ್ಷಮೆ ಕೇಳಿದ. ಟೈಬೀರಿಯಸ್ ಮೇಲೆ ನನಗೆ ಎಷ್ಟು ಗೌರವ ಇತ್ತೆಂದರೆ, ಅವನು ಹೇಳಿದ್ದನ್ನೆಲ್ಲ ಮಾಡಬೇಕು ಅಂತ ತಿಳಿದಿದ್ದೆ ಅಂದ.

ಲೇಲಿಯಸ್ ಕೇಳಿದ: ಕ್ಯಾಪಿಟಲ್ ದೇವಾಲಯಕ್ಕೆ ಬೆಂಕಿ ಇಡು ಅಂದಿದ್ದರೂ?

ಅವನು ಅಂಥದ್ದನ್ನು ಎಂದೂ ಹೇಳುತ್ತಿರಲಿಲ್ಲ ಅಂದ ಬ್ಲೋಸಿಯಸ್. ಆದರೆ ಹೇಳಿದ್ದರೆ, ಇಡುತ್ತಿದ್ದೆ.

ಎಂಥ ಪಾಪದ ಮಾತು ನೋಡಿ, ಅನ್ನುತ್ತಾನೆ ಲೇಲಿಯಸ್. ಗೆಳೆಯನಿಗಾಗಿ ಮಾಡಿದೆ ಅನ್ನುವುದು ತಪ್ಪಿಗೆ ನೆಪ ಆಗಲಾರದು. ಒಳ್ಳೆಯತನದಿಂದ ಹುಟ್ಟಿದ ಗೆಳೆತನ, ಆ ಒಳ್ಳೆಯತನವನ್ನೇ ಬಿಟ್ಟ ಮೇಲೆ ಉಳಿಯುವುದು ಹೇಗೆ?

ಕರ್ಣನ ಕಥೆ ಕೇಳಿ ಬೆಳೆದ ನಮಗೆ ಬ್ಲೋಸಿಯಸ್ ಮೇಲೆ ಒಂದಿಷ್ಟು ಮರುಕ ಬರುತ್ತದೆ. ಬರಲಿ. ಆದರೂ ನಿಯಮ ನ್ಯಾಯವಾದದ್ದು ಅಂತಲೇ ನಾನು ನಂಬುತ್ತೇನೆ. ಊರಿಗೆ ಬೆಂಕಿ ಇಡುವ ನಿಷ್ಠೆಯನ್ನು ಗೆಳೆತನ ಅಂತ ಹೊಗಳುವುದು ನನ್ನಿಂದಾಗದು. ನನಗಿರುವ ಅಸಮಾಧಾನ ಬೇರೆ. ಪ್ರಶ್ನೆ ಕೇಳಿದವನು ಗೆದ್ದ ಕಡೆಯವನು. ಉತ್ತರ ಕೊಟ್ಟವನ ಗೆಳೆಯ ಸತ್ತಿದ್ದ, ಅವನ ಪ್ರಾಣವೂ ಇವರ ಕೈಯಲ್ಲಿತ್ತು. ಟೈಬೀರಿಯಸ್ ಬೆಂಕಿ ಇಡು ಅಂತ ಹೇಳಿರಲೂ ಇಲ್ಲ. ಸೋತವನನ್ನು ನಿಲ್ಲಿಸಿಕೊಂಡು, ನಿನ್ನ ಗೆಳೆಯ ಇಷ್ಟು ಕೆಟ್ಟವನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳುವುದು ಸುಲಭ. ಪುಸ್ತಕದಲ್ಲಿ ಗೆಳೆಯನನ್ನು ಕಳೆದುಕೊಂಡವನ ಕಡೆಯಿಂದ ಯಾರೂ ಮಾತಾಡುವುದಿಲ್ಲ.

ಆ ಕಡೆಯಿಂದ ಮಾತಾಡಿದವನು ಮಾಟಿಯಸ್.

ಕ್ರಿ.ಪೂ. 44ರ ಮಾರ್ಚ್ 15ರಂದು ಸೀಸರ್‌ನನ್ನು ಸೆನೆಟ್ ಸಭೆಯಲ್ಲೇ ಇರಿದು ಕೊಂದರು. ಸಂಚಿನಲ್ಲಿ ಇದ್ದವರು ಅರವತ್ತಕ್ಕೂ ಜಾಸ್ತಿ ಜನ. ಮುಂದಾಳುಗಳಾದ ಬ್ರೂಟಸ್ ಮತ್ತು ಕ್ಯಾಸಿಯಸ್ ಇಬ್ಬರೂ ಯುದ್ಧದಲ್ಲಿ ಸೋತು ಸೀಸರ್‌ನಿಂದ ಕ್ಷಮೆ ಪಡೆದವರೇ. ಸಿಸೆರೊ ಸಂಚಿನಲ್ಲಿ ಇರಲಿಲ್ಲ, ಆದರೆ ಕೊಲೆಯಿಂದ ಅವನಿಗೆ ಬಹಳ ಸಂತೋಷವಾಯಿತು. ಗಣರಾಜ್ಯ ಬದುಕಿತು ಅಂದುಕೊಂಡ.

ಗಾಯಸ್ ಮಾಟಿಯಸ್ ಸೀಸರ್‌ನ ಹಳೆಯ ಗೆಳೆಯ. ಗಾಲ್ ದೇಶದ ಯುದ್ಧದ ಕಾಲದಲ್ಲೂ ಅವನ ಹತ್ತಿರ ಇದ್ದವನು. ಅವನು ಸಿಸೆರೊಗೂ ಹಳೆಯ ಗೆಳೆಯ. ಅಂತರ್ಯುದ್ಧದಲ್ಲಿ ಸೋತ ಕಡೆ ಇದ್ದ ಸಿಸೆರೊ, ಮುಂದೇನು ಅಂತ ತಿಳಿಯದೆ ಬ್ರಂಡಿಸಿಯಮ್ ಬಂದರಿನಲ್ಲಿ ಕಾಯುತ್ತಿದ್ದಾಗ, ಮಾಟಿಯಸ್ ಟರೆಂಟಮ್‌ನಿಂದ ಹುಡುಕಿಕೊಂಡು ಬಂದು, ಜೊತೆ ಕುಳಿತು ಧೈರ್ಯ ಹೇಳಿದ್ದ. ಗೆದ್ದವನ ಗೆಳೆಯ ಸೋತವನ ಹತ್ತಿರ ಹೋಗಿ ಕೂರುವುದು ಸಣ್ಣ ಮಾತಲ್ಲ. ಇನ್ನೊಂದು ವಿಷಯ ಕೇಳಿ. ತತ್ವಶಾಸ್ತ್ರದ ಈ ಪುಸ್ತಕಗಳನ್ನು ಬರೆ ಅಂತ ಸಿಸೆರೊಗೆ ಹುರುಪು ತುಂಬಿದವನೂ ಮಾಟಿಯಸ್ಸೇ. ಇದನ್ನು ಸಿಸೆರೊನೇ ಅವನಿಗೆ ಬರೆದ ಪತ್ರದಲ್ಲಿ ನೆನೆದಿದ್ದಾನೆ.

ಸೀಸರ್ ಸತ್ತ ಮೇಲೆ ಮಾಟಿಯಸ್ ಬಚ್ಚಿಟ್ಟುಕೊಳ್ಳದೆ ದುಃಖಪಟ್ಟ. ಅದೇ ವರ್ಷ ಜುಲೈನಲ್ಲಿ ಸೀಸರ್‌ನ ದತ್ತುಮಗ ಆಕ್ಟೇವಿಯನ್ ಸೀಸರ್‌ನ ವಿಜಯದ ನೆನಪಿಗೆ ಆಟೋತ್ಸವ ನಡೆಸಿದ. ಮಾಟಿಯಸ್ ಅದಕ್ಕೆ ನೆರವಾದ. ಬ್ರೂಟಸ್ ಕಡೆಯವರಿಗೆ ಸಿಟ್ಟು ಬಂತು. ಸಿಸೆರೊನೂ ಬೇರೆಯವರ ಮುಂದೆ ಏನೋ ಕಟುವಾಗಿ ಅಂದಿದ್ದ. ಅದು ಮಾಟಿಯಸ್ ಕಿವಿಗೆ ಬಿತ್ತು, ಅವನು ನೊಂದುಕೊಂಡ. ಇಬ್ಬರಿಗೂ ಬೇಕಾದ ಟ್ರೆಬೇಶಿಯಸ್ ಎಂಬ ವಕೀಲ ಆ ಕಡೆ ಈ ಕಡೆ ಓಡಾಡಿ ಮಾತು ಮುಟ್ಟಿಸಿದ. ಆಗ ಸಿಸೆರೊ ಒಂದು ನಯವಾದ ಪತ್ರ ಬರೆದ. ಹಳೆಯ ಉಪಕಾರಗಳನ್ನೆಲ್ಲ ನೆನೆದು, ಕೊನೆಗೆ ಮೆಲ್ಲಗೆ ವಿಷಯಕ್ಕೆ ಬಂದ. ಸೀಸರ್ ರಾಜನಾಗಿದ್ದ, ನನಗಂತೂ ಹಾಗೆ ಕಾಣುತ್ತದೆ. ಹಾಗಿದ್ದರೆ ನಿನ್ನ ನಡತೆಯನ್ನು ಎರಡು ರೀತಿ ನೋಡಬಹುದು. ಸತ್ತ ಗೆಳೆಯನನ್ನೂ ಪ್ರೀತಿಸುವ ನಿಷ್ಠೆ ಮೆಚ್ಚುವಂಥದ್ದು ಅನ್ನಬಹುದು, ನಾನು ಹಾಗೇ ಹೇಳುತ್ತಿರುತ್ತೇನೆ. ಗೆಳೆಯನ ಪ್ರಾಣಕ್ಕಿಂತ ದೇಶದ ಸ್ವಾತಂತ್ರ್ಯ ದೊಡ್ಡದು ಅಂತಲೂ ಅನ್ನಬಹುದು, ಕೆಲವರು ಹಾಗೆ ಹೇಳುತ್ತಾರೆ.

ಅದಕ್ಕೆ ಮಾಟಿಯಸ್ ಕೊಟ್ಟ ಉತ್ತರ ನಮಗೆ ಪೂರ್ತಿ ಸಿಕ್ಕಿದೆ. ಅವನು ವಾದದ ಪಟ್ಟು ಹಾಕುವುದಿಲ್ಲ. ನನಗೆ ಆಪ್ತನಾದವನ ಸಾವಿಗೆ ದುಃಖಪಡುವುದನ್ನು, ನಾನು ಪ್ರೀತಿಸಿದವನನ್ನು ಕೊಂದದ್ದಕ್ಕೆ ಸಿಟ್ಟಾಗುವುದನ್ನು ಜನ ನನ್ನ ತಪ್ಪು ಅನ್ನುತ್ತಾರೆ ಅಂತ ಶುರು ಮಾಡುತ್ತಾನೆ. ಗೆಳೆತನಕ್ಕಿಂತ ದೇಶ ದೊಡ್ಡದು ಅನ್ನುತ್ತಾರೆ, ಅವನ ಸಾವಿನಿಂದ ದೇಶಕ್ಕೆ ಒಳ್ಳೆಯದಾಯಿತು ಅಂತ ಆಗಲೇ ಸಾಬೀತಾದ ಹಾಗೆ. ನಾನು ಜಾಣತನದ ಮಾತಾಡುವುದಿಲ್ಲ. ಅಷ್ಟು ಎತ್ತರದ ಜ್ಞಾನಕ್ಕೆ ನಾನು ಏರಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ.

ಆಮೇಲೆ ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ಅಂತರ್ಯುದ್ಧದಲ್ಲಿ ನಾನು ಸೀಸರ್ ಪಕ್ಷ ಹಿಡಿದು ಹೋಗಲಿಲ್ಲ. ಅವನು ಮಾಡಿದ್ದು ನನಗೆ ಹಿಡಿಸಲಿಲ್ಲ, ಆದರೂ ಗೆಳೆಯನನ್ನು ಕೈಬಿಡಲಿಲ್ಲ. ಆ ಯುದ್ಧವನ್ನಾಗಲಿ, ಜಗಳದ ಕಾರಣವನ್ನಾಗಲಿ ನಾನು ಎಂದೂ ಒಪ್ಪಲಿಲ್ಲ, ಮೊಳಕೆಯಲ್ಲೇ ಅದನ್ನು ಚಿವುಟಲು ಕೈಲಾದಷ್ಟು ಒದ್ದಾಡಿದೆ. ಅವನು ಗೆದ್ದ ಮೇಲೆ ಪದವಿಯನ್ನೂ ಹಣವನ್ನೂ ಬಾಚಿಕೊಳ್ಳಲಿಲ್ಲ. ಸಾಲಗಾರರ ಹೊರೆ ಇಳಿಸಲು ಸೀಸರ್ ತಂದ ಕಾನೂನಿನಿಂದ ನನ್ನ ಆಸ್ತಿ ಕರಗಿತು. ಅದೇ ಕಾನೂನಿನ ದಯೆಯಿಂದ, ಇವತ್ತು ಅವನ ಸಾವಿಗೆ ಕುಣಿಯುತ್ತಿರುವವರಲ್ಲಿ ಎಷ್ಟೋ ಜನ ಊರಲ್ಲಿ ಉಳಿದರು. ಸೋತವರ ಪ್ರಾಣ ಉಳಿಸಲು ನನ್ನ ಪ್ರಾಣಕ್ಕಾಗಿ ದುಡಿದಂತೆ ದುಡಿದೆ. ಎಲ್ಲರೂ ಬದುಕಲಿ ಅಂತ ಬಯಸಿದ ನಾನು, ಅದನ್ನು ನಡೆಸಿಕೊಟ್ಟವನೇ ಸತ್ತಾಗ ಸಿಟ್ಟಾಗಬಾರದೇ?

ನನ್ನನ್ನು ಹಿಡಿದು ನಿಲ್ಲಿಸುವ ಭಾಗ ಇದರ ನಂತರ ಬರುತ್ತದೆ. ಸೀಸರ್‌ನನ್ನು ಕೊಂದವರ ಕೆಲಸವನ್ನು ಮೆಚ್ಚದಿದ್ದರೆ ನಿನಗೆ ಶಿಕ್ಷೆ ಕಾದಿದೆ ಅಂತ ಅವನಿಗೆ ಬೆದರಿಕೆ ಬಂದಿತ್ತು. ಎಂಥ ಸೊಕ್ಕು ಇದು ಅನ್ನುತ್ತಾನೆ. ಹೆದರುವುದು, ಖುಷಿಪಡುವುದು, ಅಳುವುದು, ಇದನ್ನೆಲ್ಲ ತಮ್ಮ ಇಷ್ಟದಂತೆ ಮಾಡುವ ಸ್ವಾತಂತ್ರ್ಯ ಗುಲಾಮರಿಗೂ ಇತ್ತು. ಸ್ವಾತಂತ್ರ್ಯ ತಂದುಕೊಟ್ಟೆವು ಅನ್ನುವ ಇವರು ನಮ್ಮಿಂದ ಅದನ್ನೇ ಕಿತ್ತುಕೊಳ್ಳಲು ನೋಡುತ್ತಿದ್ದಾರೆ.

ಆಟೋತ್ಸವದ ಬಗ್ಗೆ ಅವನದು ಎರಡೇ ಮಾತು. ಅದು ಖಾಸಗಿ ಋಣ, ರಾಜ್ಯಕ್ಕೆ ಸಂಬಂಧಿಸಿದ್ದಲ್ಲ. ಆ ಹುಡುಗ ಆಕ್ಟೇವಿಯನ್ ಕೇಳಿದಾಗ ಇಲ್ಲ ಅನ್ನಲು ಆಗಲಿಲ್ಲ. ಸೀಸರ್ ಕಡೆಯವನಾದ ಕಾನ್ಸಲ್ ಆಂಟೊನಿಯ ಮನೆಗೆ ಹೋಗುತ್ತೇನೆ ಅಂತಲೂ ದೂರುತ್ತಾರೆ. ನಾನು ನಮಸ್ಕಾರ ಹೇಳಲು ಹೋಗುತ್ತೇನೆ. ನನಗೆ ದೇಶಪ್ರೇಮ ಇಲ್ಲ ಅನ್ನುವವರೇ ಅಲ್ಲಿ ಏನಾದರೂ ಕೇಳಿ ಪಡೆಯಲು ಗುಂಪುಗುಂಪಾಗಿ ನಿಂತಿರುತ್ತಾರೆ. ಕೊನೆಗೆ, ಉಳಿದ ಬದುಕನ್ನು ರೋಡ್ಸ್ ದ್ವೀಪದಲ್ಲಿ ಕಳೆಯಬೇಕು ಅಂತಿದ್ದೇನೆ, ಏನಾದರೂ ಅಡ್ಡ ಬಂದರೆ ರೋಮ್‌ನಲ್ಲೇ ಇದ್ದುಕೊಂಡು ಒಳ್ಳೆಯದಾಗಲಿ ಅಂತ ಹಾರೈಸುತ್ತೇನೆ ಅನ್ನುತ್ತಾನೆ.

ಈ ಪತ್ರವನ್ನು ಲೇಲಿಯಸ್‌ನ ಕಾನೂನಿನ ಪಕ್ಕದಲ್ಲಿಟ್ಟು ನೋಡಿ. ಮಾಟಿಯಸ್ ಎಲ್ಲಿ ತಪ್ಪಿದ? ಗೆಳೆಯನ ಹತ್ತಿರ ಕೆಟ್ಟದ್ದನ್ನು ಕೇಳಲಿಲ್ಲ. ಕೆಟ್ಟದ್ದನ್ನು ಮಾಡಿಕೊಡಲೂ ಇಲ್ಲ. ಹಣ ಕಳೆದುಕೊಂಡ. ಶತ್ರುಗಳ ಪ್ರಾಣ ಕಾದ. ಆಮೇಲೆ ಅತ್ತ. ಅವನು ಬ್ಲೋಸಿಯಸ್ ಅಲ್ಲ. ಗೆಳೆಯನಿಗಾಗಿ ಏನು ಬೇಕಾದರೂ ಮಾಡುತ್ತೇನೆ ಅನ್ನುವುದಕ್ಕೂ, ಏನೇ ಆದರೂ ಅವನು ನನ್ನ ಗೆಳೆಯ ಅನ್ನುವುದಕ್ಕೂ ಬಹಳ ದೂರ ಇದೆ. ಸಿಸೆರೊನ ಪುಸ್ತಕ ಮೊದಲನೆಯದನ್ನು ಬೇಡ ಅನ್ನುತ್ತದೆ, ಅದು ನ್ಯಾಯ. ಎರಡನೆಯದಕ್ಕೆ ಅದರಲ್ಲಿ ಸಾಕಷ್ಟು ಜಾಗ ಇಲ್ಲ. ಮಾಟಿಯಸ್ ತನ್ನ ಬದುಕಿನಿಂದ ಆ ಜಾಗ ಮಾಡಿಕೊಟ್ಟ. ಪಕ್ಷಗಳು ಊರನ್ನು ಎರಡಾಗಿ ಸೀಳಿದಾಗ, ಆ ಕಡೆಯವನಿಗಾಗಿ ಯಾಕೆ ಅಳುತ್ತೀಯ ಅಂತ ಕೇಳುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಅವರಿಗೆ ಕೊಡಬಹುದಾದ ಇಷ್ಟು ಗೌರವದ ಉತ್ತರವನ್ನು ನಾನು ಬೇರೆಲ್ಲೂ ಓದಿಲ್ಲ.

ಅಟಿಕಸ್ ಕಥೆಯನ್ನೂ ಚುಟುಕಾಗಿ ಮುಗಿಸುತ್ತೇನೆ. ಸೀಸರ್‌ನನ್ನು ಕೊಂದವರಿಗಾಗಿ ಹಣವಂತರೆಲ್ಲ ಸೇರಿ ಒಂದು ನಿಧಿ ಕೂಡಿಸೋಣ ಅಂತ ಅವನ ಹತ್ತಿರ ಬಂದರು. ಅವನು ಒಪ್ಪಲಿಲ್ಲ. ಬ್ರೂಟಸ್‌ಗೆ ಬೇಕಾದರೆ ನನ್ನ ಹಣವನ್ನೆಲ್ಲ ಬಳಸಿಕೊಳ್ಳಲಿ, ಆದರೆ ಪಕ್ಷದ ಕೂಟಕ್ಕೆ ನಾನು ಬರುವುದಿಲ್ಲ ಅಂದ. ಆಮೇಲೆ ಬ್ರೂಟಸ್ ಸೋತು ಇಟಲಿ ಬಿಟ್ಟು ಹೋಗಬೇಕಾದಾಗ, ಕೇಳದಿದ್ದರೂ ಒಂದು ಲಕ್ಷ ಸೆಸ್ಟರ್ಸ್ ಕಳಿಸಿದ. ಆಂಟೊನಿಗೆ ಕೆಟ್ಟ ಕಾಲ ಬಂದಾಗ ಅವನ ಹೆಂಡತಿ ಫುಲ್ವಿಯಾಳಿಗೆ ನೆರವಾದ. ಆಗ ಸಿಸೆರೊ ಆಂಟೊನಿಯ ವಿರುದ್ಧ ಸೆನೆಟ್‌ನಲ್ಲಿ ಬೆಂಕಿಯಂಥ ಭಾಷಣ ಮಾಡುತ್ತಿದ್ದ, ನೆನಪಿಡಿ. ಆ ಭಾಷಣಗಳಿಗೆ ಸಿಸೆರೊ ತಲೆ ಕೊಡಬೇಕಾಯಿತು. ಕ್ರಿ.ಪೂ. 43ರ ಡಿಸೆಂಬರ್ 7ರಂದು ಆಂಟೊನಿಯ ಕಡೆಯವರು ಅವನನ್ನು ಕೊಂದರು. ತಲೆಯನ್ನೂ ಕೈಯನ್ನೂ ರೋಮ್‌ನ ಭಾಷಣ ಕಟ್ಟೆಯ ಮೇಲೆ ಇಟ್ಟರು. ಅಟಿಕಸ್ ಸಿಸೆರೊನ ಅತ್ಯಂತ ಹತ್ತಿರದ ಗೆಳೆಯ ಅಂತ ಆಂಟೊನಿಗೆ ಗೊತ್ತಿತ್ತು. ಆದರೆ ಫುಲ್ವಿಯಾಳಿಗೆ ಮಾಡಿದ ಉಪಕಾರ ನೆನೆದು ಅವನ ಪ್ರಾಣ ಉಳಿಸಿದ. ಮುಂದೆ ಬ್ರೂಟಸ್ ಸತ್ತ ಮೇಲೂ ಅಟಿಕಸ್ ಅವನ ತಾಯಿ ಸರ್ವಿಲಿಯಾಳನ್ನು ಮೊದಲಿನಂತೆಯೇ ನೋಡಿಕೊಂಡ.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ಸೀಸರ್ ಬದುಕಿದ್ದಾಗ ಅವನು ಮಾಡುತ್ತಿದ್ದದ್ದು ತಪ್ಪು ಅಂತ ಮಾಟಿಯಸ್ ಯಾಕೆ ಎದುರು ನಿಲ್ಲಲಿಲ್ಲ? ಗೆಳೆಯನನ್ನು ತಿದ್ದುವುದೂ ಗೆಳೆತನವೇ ಅಲ್ಲವೇ?

ಹೌದು, ಲೇಲಿಯಸ್ ಇದನ್ನು ಬಿಡಿಸಿ ಹೇಳುತ್ತಾನೆ. ಗೆಳೆಯರಿಗೆ ಬುದ್ಧಿ ಹೇಳಬೇಕು, ಬೇಕಾದರೆ ಬೈಯಲೂ ಬೇಕು, ಅದನ್ನು ಪ್ರೀತಿಯಿಂದ ಕೇಳಿಸಿಕೊಳ್ಳಲೂಬೇಕು. ಅಂತರ್ಯುದ್ಧ ತಡೆಯಲು ಪ್ರಯತ್ನಪಟ್ಟೆ ಅಂತ ಮಾಟಿಯಸ್ ಹೇಳುತ್ತಾನೆ, ನಾನು ಅದನ್ನು ನಂಬುತ್ತೇನೆ. ಆದರೆ ಕ್ರಿ.ಪೂ. 44ರ ಫೆಬ್ರವರಿಯಲ್ಲಿ ಸೀಸರ್ ಬದುಕಿರುವವರೆಗೂ ನಾನೇ ಸರ್ವಾಧಿಕಾರಿ ಅನ್ನುವ ಪದವಿ ತೆಗೆದುಕೊಂಡ. ಅದರ ಬಗ್ಗೆ ಪತ್ರದಲ್ಲಿ ಒಂದು ಸೊಲ್ಲೂ ಇಲ್ಲ. ಅವನ ಉತ್ತರದಲ್ಲಿ ನನಗೆ ಕಾಣುವ ಕೊರತೆ ಇದೊಂದೇ, ಮತ್ತು ಇದು ಸಣ್ಣ ಕೊರತೆ ಅಲ್ಲ. ಸಿಸೆರೊ ಇದನ್ನು ಹಿಡಿದು ಒತ್ತಿ ಕೇಳುವ ಸ್ಥಿತಿಯಲ್ಲಿರಲಿಲ್ಲ. ಕ್ರಿ.ಪೂ. 46ರಲ್ಲಿ ಸೆನೆಟ್‌ನಲ್ಲಿ ಎದ್ದು ನಿಂತು ಸೀಸರ್‌ನ ದಯೆಯನ್ನು ಬಾಯಿ ತುಂಬ ಹೊಗಳಿದವರಲ್ಲಿ ಅವನೂ ಒಬ್ಬ. ಮಾಟಿಯಸ್‌ಗೆ ಅದು ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ. ಅಷ್ಟು ನೊಂದು ಬರೆದ ಪತ್ರದಲ್ಲೂ ಅವನು ಅದನ್ನು ಎತ್ತಿ ಆಡಲಿಲ್ಲ. ನಿನ್ನ ಮನಸ್ಸು ಏನು ಅಂತ ತಿಳಿಸಿದ ಟ್ರೆಬೇಶಿಯಸ್‌ಗೆ ನಾನು ಋಣಿ, ಇನ್ನು ನಿನ್ನ ಮೇಲಿನ ಗೌರವ ಹೆಚ್ಚಲು ಕಾರಣ ಸಿಕ್ಕಿತು ಅಂತ ಪತ್ರ ಮುಗಿಸಿದ.